ಕೈ ಸುಮ್ನೆ ಇರೋದಿಲ್ಲ

ಇವತ್ತೂ ಹುರಿ ಸಾಲಲಿಲ್ಲ. ಮ್ಯಾಕ್ರಮೆ, ಅಂದರೆ ಹುರಿಗೆ ಗಂಟು ಹಾಕುತ್ತಾ ಅಲಂಕಾರ ಹೆಣೆಯುವವರಿಗೆ ಈ ಸಂಕಟ ಗೊತ್ತು. ಗೋಡೆಗೆ ನೇತುಹಾಕುವ ಒಂದು ಮೀಟರ್ ಉದ್ದದ ತೂಗು ಬೇಕೆಂದರೆ ಅದರ ನಾಲ್ಕರಷ್ಟು ಹುರಿ ತಗೋ ಅನ್ನುತ್ತಾರೆ. ನಡುವೆ ಮಡಿಸಿ ಕೋಲಿಗೆ ಸಿಕ್ಕಿಸಬೇಕಲ್ಲ, ಹಾಗಾಗಿ ಒಂದೊಂದೂ 8 ಮೀಟರ್. ಅಷ್ಟು ಕತ್ತರಿಸಿದರೂ ಕೊನೆಯ ಸಾಲಿಗೆ ಬಂದಾಗ ಗೇಣುದ್ದ ಕಡಿಮೆ!

ಚೌಕ ಗಂಟಿನ ಕಥೆಯೇ ಅನ್ಯಾಯದ್ದು. ನಾಲ್ಕು ಎಳೆ. ನಡುವಿನ ಎರಡು ಸುಮ್ನೆ ನಿಂತಿರುತ್ತವೆ, ದುಡಿಯೋದೆಲ್ಲ ಅಕ್ಕಪಕ್ಕದವು. ಕೊನೆಗೆ ದುಡಿದದ್ದು ಮುಗಿದುಹೋಗಿರುತ್ತದೆ, ನಿಂತದ್ದು ಮಾರುದ್ದ ಉಳಿದಿರುತ್ತದೆ. ಥೇಟ್ ಆಫೀಸು. ಇನ್ನು ಅರ್ಧ ಗಂಟು ಎಡದಿಂದ, ಅರ್ಧ ಬಲದಿಂದ ಹಾಕಬೇಕು. ನಡುವೆ ಫೋನ್ ಬಂದು, ಬರೀ ಎಡದಿಂದಲೇ ಹಾಕುತ್ತಾ ಹೋದರೆ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಅದೂ ಒಂದು ವಿನ್ಯಾಸವೇ. ಬೇಕಂತಲೇ ಮಾಡಿದೆ ಅನ್ನುವವರನ್ನು ಮಾತ್ರ ನಂಬಬೇಡಿ.

ಗಂಟು ಬೇಡ ಅಂದಾಗ ದಾರಕ್ಕೆ ಯಾರ ಸಹಾಯವೂ ಬೇಡ. ಡೋರಿಯನ್ ರೇಮರ್, ಡಗ್ಲಾಸ್ ಸ್ಮಿತ್ ಅಂತ ಅಮೆರಿಕದ ಇಬ್ಬರು ವಿಜ್ಞಾನಿಗಳು ದಾರವನ್ನು ಪೆಟ್ಟಿಗೆಗೆ ಹಾಕಿ ಉರುಳಿಸಿ ನೋಡಿದರು, 3,415 ಸಲ. ಕೆಲವೇ ಸೆಕೆಂಡಿನಲ್ಲಿ ಗಂಟು ಬೀಳುತ್ತಿತ್ತು. ಒಟ್ಟು 120 ಬಗೆಯ ಗಂಟು ಸಿಕ್ಕಿತಂತೆ. 2007ರಲ್ಲಿ ಅದನ್ನು ಪ್ರಕಟಿಸಿದರು. ಒಂದು ವಿಡಿಯೋವನ್ನೂ ನೋಡದ ದಾರ ಅದು!

ಬಿಚ್ಚೋದಕ್ಕೆ ಮಾತ್ರ ಮನುಷ್ಯರೇ ಬೇಕು. ನಮ್ಮಲ್ಲಿ ಆ ಕೆಲಸ ಭಾವನದು.

ಭಾವ ಒಳ್ಳೆಯವರು. ಆದರೆ ಮಾತಿಗೆ ಕೂತರೆ ಬೆರಳಿಗೆ ಏನಾದರೂ ಬೇಕು. ಕೂರುವುದೂ ಗೋಡೆಯ ತೂಗಿನ ಪಕ್ಕಕ್ಕೇ. ಮೊದಲು ಕುಚ್ಚಿನ ಒಂದು ತುದಿಯನ್ನು ಎರಡು ಬೆರಳಲ್ಲಿ ಹೊಸೆಯುತ್ತಾರೆ. ಆಮೇಲೆ ಉಲ್ಟಾ ಹೊಸೆದು ಮೂರೆಳೆ ಬೇರೆ ಮಾಡುತ್ತಾರೆ. ಮಾತು ಕಾವೇರಿದಂತೆ ಬೆರಳೂ ಮೇಲೇರುತ್ತದೆ. ರಾಜಕೀಯ ಬಂತೋ, ಕೊನೆಯ ಗಂಟಿಗೆ ಉಗುರು ಬಿತ್ತು. ತಮ್ಮಂದಿರ ಜೊತೆಗಿನ ಜಾಗದ ವ್ಯಾಜ್ಯ ಬಂತೋ, ಒಂದು ಸಾಲು ಪೂರ್ತಿ. ನಾನು ಎದುರಿಗೆ ಕೂತು ‘ಹೌದಾ ಭಾವ, ಹೌದಾ’ ಅನ್ನುತ್ತಿರುತ್ತೇನೆ, ಕಣ್ಣು ಅವರ ಹೆಬ್ಬೆರಳ ಮೇಲೆ. ಹಿರಿಯರು, ಕೈ ಹಿಡಿದು ಎಳೆಯೋಕಾಗುತ್ತಾ? ಕೈಗೆ ಪೇಪರ್ ಕೊಟ್ಟು ನೋಡಿದೆ. ಮಡಿಸಿ ಬಗಲಿಗೆ ಸಿಕ್ಕಿಸಿಕೊಂಡರು. ಕುರ್ಚಿ ದೂರ ಹಾಕಿದೆ. ‘ಕೇಳಿಸಲ್ಲ ಕಣಮ್ಮಾ’ ಅಂತ ಎಳೆದುಕೊಂಡು ಬಂದರು. ಮೊನ್ನೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ‘ಚೆನ್ನಾಗಿದೆ, ಆದರೆ ಗಂಟು ಸ್ವಲ್ಪ ಸಡಿಲ’ ಅಂದರು.

ಸಡಿಲವಂತೆ!

ನಿವೃತ್ತಿಯಾದ ಮೇಲೆ ಇದು ಜಾಸ್ತಿಯಾಗಿದೆ. ಹಿಂದಿನ ಕಾಲದ ಹಡಗಿನವರು ತಿಂಗಳುಗಟ್ಟಲೆ ನೀರಿನ ಮೇಲೆ ಇರುತ್ತಿದ್ದರಲ್ಲ, ಬಿಡುವಿನಲ್ಲಿ ಕೂತು ಬಾಟಲಿಗೆ ಹುರಿಯ ಅಂಗಿ ಹೆಣೆಯುತ್ತಿದ್ದರು, ತಮ್ಮ ಪೆಟ್ಟಿಗೆಗೆ ಚಂದದ ಹಿಡಿ ಕಟ್ಟುತ್ತಿದ್ದರು. ದಡ ಕಾಣದ ದಿನಗಳನ್ನು ಬೆರಳಲ್ಲೇ ಸವೆಸಿದವರು. ಇಡೀ ಆಯಸ್ಸು ಫೈಲಿನ ದಾರ ಬಿಚ್ಚಿ ಕಟ್ಟಿದ ಕೈಗೆ ಈಗ ಇದ್ದಕ್ಕಿದ್ದಂತೆ ಏನೂ ಇಲ್ಲ ಅಂದರೆ, ಅದೂ ಕಷ್ಟವೇ ಇರಬೇಕು.

ಹಾಗಂತ ನನ್ನ ಕುಚ್ಚೇ ಬೇಕಾ?

ಈ ಸಲ ಬರುವ ಮೊದಲೇ ಒಂದು ‘ಮಂಗನ ಮುಷ್ಟಿ’ ಕಟ್ಟಿಟ್ಟಿದ್ದೆ. ಹಡಗಿನಿಂದ ದಡಕ್ಕೆ ಎಸೆಯುವ ಹಗ್ಗದ ತುದಿಗೆ ಭಾರಕ್ಕೆಂದು ಹಾಕುತ್ತಿದ್ದ ಗಂಟು ಅದು. ಒಳಗೊಂದು ಗುಂಡು, ಮೂರು ದಿಕ್ಕಿಗೆ ಮೂರು ಮೂರು ಸುತ್ತು, ಬಿಗಿದರೆ ಚೆಂಡಿನಂತೆ ಗಟ್ಟಿ. ಎರಡೂ ತುದಿಯನ್ನು ಒಳಗೇ ಅಡಗಿಸಿದೆ. ‘ನೋಡಿ ಭಾವ’ ಅಂತ ಕೈಗಿಟ್ಟೆ.

‘ಇದರ ತುದಿ ಎಲ್ಲಮ್ಮಾ?’ ಅಂದರು. ಅಷ್ಟೇ, ಆಮೇಲೆ ಮಾತಿಲ್ಲ. ಹೋಗುವಾಗ ಜೇಬಿಗೆ ಹಾಕಿಕೊಂಡೇ ಹೋದರು.

ರಾತ್ರಿ ಅಕ್ಕನ ಫೋನ್. ‘ಇವರಿಗೆ ಏನೇ ಕೊಟ್ಟೆ? ಬಂದಾಗಿನಿಂದ ಬಾಯೇ ಬಿಟ್ಟಿಲ್ಲ.’ ಬೈಯುತ್ತಾಳೇನೋ ಅಂದುಕೊಂಡೆ. ದನಿ ತಗ್ಗಿಸಿ, ‘ಇನ್ನೂ ಒಂದೆರಡು ಮಾಡಿಡೇ’ ಅಂದಳು.