ಕೈಗುಣವಿಲ್ಲದವನ ಕೈತೋಟ

ನಮ್ಮ ಮನೆಯಲ್ಲಿ ಕೈಗುಣ ಇರುವುದು ನನ್ನ ಹೆಂಡತಿಗೆ ಮಾತ್ರ ಎಂಬ ತೀರ್ಪು ಹೊರಬಿದ್ದು ಎಷ್ಟೋ ವರ್ಷಗಳಾದವು. ಮಾರುಕಟ್ಟೆಯಿಂದ ತಂದ ಪುದೀನದ ಕಟ್ಟಿನಿಂದ ಅವಳು ನಾಲ್ಕು ಕಡ್ಡಿ ಎತ್ತಿ ಲೋಟದ ನೀರಿನಲ್ಲಿ ನಿಲ್ಲಿಸಿದರೆ ವಾರ ಕಳೆಯುವುದರೊಳಗೆ ಗಿಣ್ಣುಗಳಿಂದ ಬಿಳಿ ಬೇರು ಇಳಿದಿರುತ್ತದೆ. ಅದೇ ಕಟ್ಟಿನ ಕಡ್ಡಿಯನ್ನು ಅದೇ ಲೋಟದಲ್ಲಿ ನಾನು ನಿಲ್ಲಿಸಿದರೆ ಮೂರನೆಯ ದಿನಕ್ಕೆ ನೀರು ನಾರುತ್ತದೆ. ನೀರಿಗೆ ತಾಗುವ ಎಲೆಗಳನ್ನೆಲ್ಲ ಅವಳು ಮೊದಲೇ ಚಿವುಟಿರುತ್ತಾಳೆ, ನಾನು ಚಿವುಟಿರುವುದಿಲ್ಲ, ಮುಳುಗಿದ ಎಲೆ ಕೊಳೆತು ಕಡ್ಡಿಯನ್ನೂ ಕೊಳೆಸುತ್ತದೆ ಎಂಬುದು ನನಗೆ ಹೊಳೆಯಲು ಎರಡು ಮಳೆಗಾಲ ಹಿಡಿಯಿತು. ಹೊಳೆದ ಮೇಲೂ ತೀರ್ಪೇನೂ ಬದಲಾಗಲಿಲ್ಲ. ಊರಿನಲ್ಲಿ, ಶಿರಸಿಯ ಕಡೆ, ನನ್ನಂಥ ಕೈಯವರನ್ನು ಸಸಿ ನೆಡುವ ಹೊತ್ತಿಗೆ ಗೊಬ್ಬರ ಹೊರಲು ಕಳಿಸುತ್ತಾರೆ. ಮುಂಬಯಿಯ ಮುಲುಂಡಿನ ನಾಲ್ಕನೆಯ ಮಹಡಿಯಲ್ಲಿ ಹೊರುವಷ್ಟು ಗೊಬ್ಬರ ಇಲ್ಲದ ಕಾರಣ ಕುಂಡ ತಯಾರಿಸುವ ಇಲಾಖೆಯನ್ನು ನನಗೆ ವಹಿಸಲಾಗಿದೆ.

ತೋಟವೆಂದರೆ ಕಿಟಕಿಯಿಂದ ಹೊರಕ್ಕೆ ಚಾಚಿಕೊಂಡ ಕಬ್ಬಿಣದ ಗ್ರಿಲ್ಲು, ಆರಡಿ ಉದ್ದ, ಎರಡಡಿ ಅಗಲ. ಕುಂಡಗಳೆಂದರೆ ಬಣ್ಣದ ಡಬ್ಬಿ, ಎಣ್ಣೆಯ ಕ್ಯಾನು, ಹಿಡಿಕೆ ಮುರಿದ ಬಕೆಟ್ಟು. ಸ್ಕ್ರೂಡ್ರೈವರನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ ಅವುಗಳ ತಳಕ್ಕೆ ತೂತು ಹಾಕುವಾಗ ನನ್ನ ಮುಖದ ಮೇಲೆ ಕುಲುಮೆಯವನ ಗಾಂಭೀರ್ಯ ಇರುತ್ತದೆ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವುದು 2000 ಮಿಲಿಮೀಟರಿಗೂ ಮಿಕ್ಕಿದ ಮಳೆ. ತೂತು ಸಣ್ಣದಾದರೆ ಬೇರು ಉಸಿರುಕಟ್ಟಿ ಸಾಯುತ್ತದೆ, ದೊಡ್ಡದಾದರೆ ಮಣ್ಣೆಲ್ಲ ತೊಳೆದುಹೋಗಿ ಮೂರನೆಯ ಮಹಡಿಯವರು ಮೆಟ್ಟಿಲೇರಿ ಬರುತ್ತಾರೆ.

ಅವರು ನಿಜವಾಗಿಯೂ ಮೆಟ್ಟಿಲೇರಿ ಬಂದದ್ದು ನನ್ನ ಪಂಚೆಯ ಪ್ರಯೋಗದ ದೆಸೆಯಿಂದ. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಗಿಡಗಳಿಗೆ ನೀರಿನ ವ್ಯವಸ್ಥೆಯಾಗಬೇಕು. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟುಹೋಗುವುದು ಎಲ್ಲರೂ ಮಾಡುವ ಉಪಾಯ. ನಾನು ಹಳೆಯ ಹತ್ತಿಯ ಪಂಚೆಯನ್ನು ಅಂಗುಲದಗಲದ ಪಟ್ಟಿಗಳಾಗಿ ಹರಿದು, ಪ್ರತಿಯೊಂದರ ಒಂದು ತುದಿಯನ್ನು ನೀರು ತುಂಬಿದ ಬಕೆಟ್ಟಿಗೂ ಇನ್ನೊಂದು ತುದಿಯನ್ನು ಕುಂಡದ ಮಣ್ಣಿಗೂ ಇಳಿಬಿಟ್ಟೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಬಟ್ಟೆ ನೀರನ್ನು ಎಳೆದು, ಮಣ್ಣು ಒಣಗಿದಷ್ಟೇ ಕೊಡುತ್ತದೆ ಎಂಬ ತತ್ತ್ವದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಬಕೆಟ್ಟಿನ ಕೆಳಗಿದ್ದ ಸ್ಟೂಲಿನಲ್ಲಿ. ನೀರಿನ ಮಟ್ಟ ಕುಂಡಕ್ಕಿಂತ ಮೇಲಿದ್ದರೆ ಒದ್ದೆ ಬಟ್ಟೆ ಬತ್ತಿಯಾಗಿ ಉಳಿಯದೆ ಸೈಫನ್ ಆಗಿಬಿಡುತ್ತದೆ, ಮತ್ತು ಬಕೆಟ್ಟು ಬರಿದಾಗುವತನಕ ಸುರಿಯುತ್ತಲೇ ಇರುತ್ತದೆ. ನಾವು ಕುಮಟೆಯಲ್ಲಿ ರೈಲಿನಿಂದ ಇಳಿಯುವ ಹೊತ್ತಿಗೆ ಕೆಳಗಿನ ಮನೆಯ ಮಕ್ಕಳ ಬಿಳಿಯ ಅಂಗಿಗಳ ಮೇಲೆ ನಮ್ಮ ಕುಂಡಗಳ ಕೆಮ್ಮಣ್ಣು ರಂಗೋಲಿ ಬರೆದಾಗಿತ್ತು. ಮರುವರ್ಷ ಬಕೆಟ್ಟನ್ನು ನೆಲದ ಮೇಲಿಟ್ಟೆ, ಹದಿನೈದು ದಿನ ಗಿಡಗಳು ಬದುಕಿದವು. ಆ ಯಶಸ್ಸು ಪಂಚೆಯ ಖಾತೆಗೆ ಜಮೆಯಾಯಿತೇ ಹೊರತು ನನ್ನ ಕೈಯ ಖಾತೆಗಲ್ಲ.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ನಂಬಿಕೆಯನ್ನೂ ನಾವು ಊರಿನಿಂದ ತಂದಿದ್ದೇವೆ. ಏಪ್ರಿಲ್ ಕೊನೆ, ಮೇ ಮೊದಲಿನ ಆ ಭರಣಿಯ ದಿನಗಳಲ್ಲಿ ಮುಂಬಯಿಯ ಆಕಾಶದಿಂದ ಬೀಳುವುದು ಬೆವರನ್ನು ತರಿಸುವ ಬಿಸಿಲು ಮಾತ್ರ. ಮೇಲಿನ ಮನೆಯ ಏಸಿಯ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನೇ ನಾವು ಭರಣಿ ಮಳೆಯೆಂದು ಹಿಡಿದಿಡುತ್ತೇವೆ. ಗಾಳಿಯ ತೇವವೇ ತಣಿದು ಇಳಿದ ಆ ನೀರಿನಲ್ಲಿ ಲವಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಗಿಡಗಳೂ ಇದುವರೆಗೆ ತಕರಾರು ಹೇಳಿಲ್ಲ.

ಹೀರೆಯ ಬಳ್ಳಿಯದು ಬೇರೆಯೇ ಕಥೆ. ಹೀಚಿನ ಕಡೆಗೆ ಬೆರಳು ತೋರಿಸಬಾರದು, ತೋರಿಸಿದರೆ ಅದು ಕೊಳೆತು ಉದುರುತ್ತದೆ, ತೋರಿಸಲೇಬೇಕಾದರೆ ಬೆರಳು ಮಡಚಿ ಮುಷ್ಟಿಯಿಂದ ತೋರಿಸಬೇಕು ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಮೊದಲ ಹೀಚು ಕಂಡ ಸಂಭ್ರಮದಲ್ಲಿ ನಾನು ಮಗನಿಗೆ ಬೆರಳು ಚಾಚಿಯೇ ತೋರಿಸಿದೆ. ಕಿರುಬೆರಳಿನ ಉದ್ದದ, ಗೆರೆಗೆರೆಯಾಗಿ ಏಣೆದ್ದ ಆ ಹಸಿರು ಹೀಚು ನಾಲ್ಕನೆಯ ದಿನಕ್ಕೆ ತುದಿಯಿಂದ ಹಳದಿಗಟ್ಟುತ್ತ ಬಂದು, ಮುಟ್ಟಿದರೆ ಮೆತ್ತಗಾಗಿ, ತೊಟ್ಟು ಬಿಟ್ಟು ಬಿತ್ತು. ಎರಡನೆಯದೂ ಬಿತ್ತು, ಅದಕ್ಕೆ ನಾನು ಬೆರಳು ತೋರಿಸಿರಲಿಲ್ಲವಾದರೂ ನನ್ನ ಮಾತನ್ನು ಯಾರೂ ನಂಬಲಿಲ್ಲ. ಹೀರೆಯಲ್ಲಿ ಗಂಡುಹೂವು ಹೆಣ್ಣುಹೂವು ಬೇರೆ ಬೇರೆ. ಹೀಚು ಎಂದು ನಾವು ಸಂಭ್ರಮಿಸುವುದು ಹೆಣ್ಣುಹೂವಿನ ಬುಡದ ಅಂಡಾಶಯವನ್ನು, ಪರಾಗ ಬೀಳದಿದ್ದರೆ ಅದು ಬಾಡಿ ಉದುರಲೇಬೇಕು. ಹೂವು ಅರಳುವುದು ಸಂಜೆ. ರಸ್ತೆಯ ಮೇಲಿನ ಹೊಗೆಯನ್ನು ದಾಟಿ ನಾಲ್ಕನೆಯ ಮಹಡಿಗೆ ಹಾರಿ ಬರಬೇಕಾದ ಪತಂಗಗಳಿಗೆ ನಮ್ಮ ಗ್ರಿಲ್ಲಿನ ವಿಳಾಸ ಗೊತ್ತಿಲ್ಲ. ಇದನ್ನೆಲ್ಲ ನಾನು ಓದಿ ಹೇಳಿದೆ. ಆರೂವರೆ ಗಂಟೆಗೆ ಗಂಡುಹೂವೊಂದನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ, ಹೆಣ್ಣುಹೂವಿನ ನಡುವಿಗೆ ಮೂರು ಸಲ ಮೃದುವಾಗಿ ಒತ್ತಿದವಳು ಹೆಂಡತಿ. ಕಾಯಿ ನಿಂತಿತು. ಕೈಗುಣವೆಂಬ ಮಾತಿಗೆ ಇಷ್ಟು ನೇರವಾದ ಅರ್ಥವಿರಬಹುದೆಂದು ನಾನು ಎಣಿಸಿರಲಿಲ್ಲ. ಬಳ್ಳಿ ಮಾತ್ರ ಅಷ್ಟರಲ್ಲಿ ಮೇಲಿನ ಮನೆಯ ಗ್ರಿಲ್ಲನ್ನು ಹಿಡಿದಿದ್ದರಿಂದ ಆ ಕಾಯಿ ಐದನೆಯ ಮಹಡಿಯವರ ಪಾಲಾಯಿತು. ಅವರು ಅದರ ಭಾಜಿ ಮಾಡಿ ಒಂದು ಬಟ್ಟಲು ಕೆಳಗೆ ಕಳಿಸಿದರು.

ಕದ್ದು ತಂದ ಮನಿಪ್ಲಾಂಟ್ ಮಾತ್ರವೇ ಮನೆಗೆ ಹಣ ತರುತ್ತದೆ ಎಂಬುದು ಮುಂಬಯಿಯಲ್ಲಿ ಕನ್ನಡಿಗರು, ಮರಾಠಿಗರು, ಗುಜರಾತಿಗಳು ಭೇದವಿಲ್ಲದೆ ಒಪ್ಪಿಕೊಂಡಿರುವ ಸಿದ್ಧಾಂತ. ಅದರಂತೆ ನಾನೂ ಒಂದು ಮದುವೆಯ ಸಭಾಂಗಣದ ಮೆಟ್ಟಿಲ ಬದಿಯಿಂದ ಗೇಣುದ್ದದ ತುಂಡನ್ನು ಚಿವುಟಿ ಕರವಸ್ತ್ರದಲ್ಲಿ ಸುತ್ತಿ ತಂದವನೇ. ಈ ಬಳ್ಳಿಯ ಮೂಲ ಫ್ರೆಂಚ್ ಪಾಲಿನೇಷ್ಯಾದ ಮೊರಿಯಾ ಎಂಬ ದ್ವೀಪ. ಹೂ ಬಿಡಲು ಬೇಕಾದ ಗಿಬರೆಲಿನ್ ಎಂಬ ಹಾರ್ಮೋನನ್ನು ಸಾಕಷ್ಟು ತಯಾರಿಸಿಕೊಳ್ಳಲಾರದ ಜನ್ಮದೋಷ ಇದಕ್ಕಿದೆ. ಬೆಳೆಸಿದ ಗಿಡವೊಂದು ತಾನಾಗಿ ಹೂ ಬಿಟ್ಟದ್ದು ಕೊನೆಯ ಬಾರಿಗೆ ದಾಖಲಾದದ್ದು 1964ರಲ್ಲಿ. ಹೂವಿಲ್ಲ, ಆದ್ದರಿಂದ ಬೀಜವಿಲ್ಲ. ಹಾಗಾದರೆ ಮುಂಬಯಿಯ ಲಕ್ಷಾಂತರ ಬಾಟಲಿಗಳಲ್ಲಿ ಬೇರು ಬಿಟ್ಟಿರುವ ಈ ಬಳ್ಳಿಗಳೆಲ್ಲ ಯಾರೋ ಯಾರಿಂದಲೋ ಚಿವುಟಿಕೊಂಡು ಬಂದ ತುಂಡುಗಳ ಸಂತಾನವೇ ಆಯಿತು. ಸಸ್ಯಶಾಸ್ತ್ರವೂ ಕಳ್ಳರ ಪರವಾಗಿ ನಿಂತಿರುವ ಇಂತಹ ಉದಾಹರಣೆ ಇನ್ನೊಂದನ್ನು ನಾನು ಕಾಣೆ. ಹಣ ಬಂತೇ ಎಂದು ಕೇಳಬೇಡಿ.

ತುಳಸಿಯ ವಿಷಯದಲ್ಲಿ ಮಾತ್ರ ನಮ್ಮ ಮನೆಯಲ್ಲಿ ತಮಾಷೆಗೆ ಅವಕಾಶವಿಲ್ಲ. ಸಂಜೆಯ ಮೇಲೆ ಕೀಳಬಾರದು, ಭಾನುವಾರ ಕೀಳಬಾರದು, ದ್ವಾದಶಿಯಂದು ಕೀಳಬಾರದು. ಕದಿರು ಬಲಿತರೆ ತುಳಸಮ್ಮನಿಗೆ ತಲೆಭಾರ ಎಂದು ಹೆಂಡತಿ ಅದನ್ನು ಆಗಾಗ ಚಿವುಟುತ್ತಾಳೆ, ಬೀಜಕ್ಕೆ ಹೋಗಬೇಕಾದ ಶಕ್ತಿ ಚಿಗುರಿಗೆ ಹೋಗುತ್ತದೆ. ಉತ್ಥಾನ ದ್ವಾದಶಿಗೆ ನಾನು ಮಾಟುಂಗಕ್ಕೆ ಹೋಗಿ ಕಾಯಿ ಸಹಿತವಾದ ನೆಲ್ಲಿಯ ಟೊಂಗೆ ತಂದು ತುಳಸಿಯ ಪಕ್ಕದಲ್ಲಿ ನೆಡುತ್ತೇನೆ, ಎದುರು ಮನೆಯ ಮರಾಠಿ ಅಜ್ಜಿ ಕಬ್ಬಿನ ಜಲ್ಲೆ ನಿಲ್ಲಿಸುತ್ತಾರೆ. ಮರುದಿನ ಎರಡೂ ಮನೆಯವರಿಗೆ ಕಬ್ಬೂ ಸಿಗುತ್ತದೆ, ನೆಲ್ಲಿಕಾಯಿಯೂ ಸಿಗುತ್ತದೆ.

ಇನ್ನು ಕರಿಬೇವು. ಊರಿನ ಹಿತ್ತಲಿನ ಮರದ ಬೇರಿನಿಂದ ಎದ್ದ ಕಂದನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ತಂದು, ಇದ್ದುದರಲ್ಲಿ ದೊಡ್ಡದಾದ ಬಣ್ಣದ ಡಬ್ಬಿಯಲ್ಲಿ ನೆಟ್ಟೆವು. ಮೊದಲ ವರ್ಷ ಅದು ಎಲೆಯ ನರಗಳನ್ನಷ್ಟೇ ಹಸಿರಾಗಿ ಉಳಿಸಿಕೊಂಡು ಉಳಿದದ್ದೆಲ್ಲ ಹಳದಿಯಾಗಿ ನಿಂತಿತು. ಹುಳಿ ಮಜ್ಜಿಗೆ ಹಾಕಿ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಮಣ್ಣಿನಲ್ಲಿ ಕ್ಷಾರ ಹೆಚ್ಚಾದಾಗ ಅಲ್ಲಿರುವ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ, ಹುಳಿ ಬಿದ್ದರೆ ಅದು ಸ್ವಲ್ಪ ಸಡಿಲವಾಗುತ್ತದೆ ಎಂಬ ವಿವರಣೆಯನ್ನು ನಾನು ಹುಡುಕಿಕೊಂಡೆ. ಅಮ್ಮನಿಗೆ ವಿವರಣೆ ಬೇಕಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ನೀರು ಬೆರೆಸಿದ ಮಜ್ಜಿಗೆ ಕುಡಿದ ಗಿಡ ಈ ಮಳೆಗಾಲದಲ್ಲಿ ಗ್ರಿಲ್ಲಿನ ಮಾಡಿಗೆ ತಾಗುವಷ್ಟು ಬೆಳೆದು ಹೊಳೆಯತೊಡಗಿತು. ನೆಟ್ಟವನು ನಾನೆಂಬುದನ್ನು ನಾನು ಒಂದೆರಡು ಬಾರಿ ನೆನಪಿಸಿದೆ.

ಹೋದ ವಾರ ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆಯೆಂದು ಒರೆಸಲು ಹೋದೆ, ಹಿಕ್ಕೆ ಸರಿದು ಕುಳಿತಿತು. ಕರಿಬೇವು ನಿಂಬೆಯ ಕುಟುಂಬದ್ದು; ನಿಂಬೆಯ ಮೇಲೆ ಮೊಟ್ಟೆಯಿಡುವ ಚಿಟ್ಟೆಗಳು ಇದನ್ನೂ ಬಿಡುವುದಿಲ್ಲ, ಅವುಗಳ ಎಳೆಯ ಹುಳುಗಳು ಹಕ್ಕಿಗಳನ್ನು ವಂಚಿಸಲು ಹಿಕ್ಕೆಯ ವೇಷ ಹಾಕಿರುತ್ತವೆ. ಈಗ ಅವು ವೇಷ ಕಳಚಿ, ನುಣುಪಾದ ಹಸಿರಾಗಿ, ಬೆರಳಿನಷ್ಟು ದಪ್ಪವಾಗಿವೆ. ನಾನು ಕಡ್ಡಿಯಿಂದ ತಟ್ಟಿದ್ದಕ್ಕೆ ಒಂದು ಹುಳು ಕತ್ತೆತ್ತಿ, ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬನ್ನು ಹೊರಚಾಚಿ, ಘಾಟು ವಾಸನೆ ಬಿಟ್ಟಿತು. ಹಿಡಿದು ಹೊರಗೆ ಎಸೆಯುತ್ತೇನೆ ಎಂದೆ. ಚಿಟ್ಟೆಯಾಗುವುದನ್ನು ಎಸೆಯಬೇಡಿ, ನಿಮ್ಮ ಕೈ ಮೊದಲೇ ಸರಿಯಿಲ್ಲ ಎಂದಳು ಹೆಂಡತಿ. ಗಿಡದಲ್ಲಿ ಈಗ ಉಳಿದಿರುವುದು ಆರು ಹುಳು ಮತ್ತು ಹನ್ನೊಂದು ಎಲೆ. ಒಗ್ಗರಣೆಯ ಕರಿಬೇವನ್ನು ನಾನು ಸ್ಟೇಷನ್ನಿನ ಬಳಿಯ ಭಾಜಿವಾಲಿಯಿಂದ ತರುತ್ತಿದ್ದೇನೆ.