ಮಳೆ ಬಾರದ ಮಳೆಕಾಡು ಬೇಕಾಗಿದೆ

ಮಧ್ಯ ಅಮೆರಿಕದ ಕೋಸ್ಟರಿಕಾಕ್ಕೆ ರಜೆಗೆ ಹೊರಟವರ ಬೇಡಿಕೆ ಪಟ್ಟಿ ಓದಿದರೆ ಬ್ರಹ್ಮನೂ ರಾಜೀನಾಮೆ ಬರೆದುಕೊಟ್ಟಾನು. ಕಾಡು ದಟ್ಟವಾಗಿರಬೇಕು, ಸೊಳ್ಳೆ ಇರಬಾರದು. ನದಿ ಭೋರ್ಗರೆಯಬೇಕು, ಕನ್ನಡಕ ಒದ್ದೆಯಾಗಬಾರದು. ಲಾಡ್ಜ್‌ಗೆ ರಸ್ತೆಯೇ ಇರಬಾರದು, ಆದರೆ ಸೂಟ್‌ಕೇಸ್ ಮಾತ್ರ ತಮಗಿಂತ ಮೊದಲು ರೂಮು ಸೇರಿರಬೇಕು. ಹಕ್ಕಿ ಹಾಡಲಿ, ಬೇಡ ಅನ್ನುವುದಿಲ್ಲ. ಬೆಳಗ್ಗೆ ಎಂಟರ ಮೇಲೆ ಹಾಡಲಿ. ಇಷ್ಟೆಲ್ಲ ಸೇರಿದ ಪ್ಯಾಕೇಜಿನ ಹೆಸರು: ಅಪ್ಪಟ ಕಾಡಿನ ಅನುಭವ.

ಈ ಪಟ್ಟಿ ಹಿಡಿದು ಬರುವವರನ್ನು ಮಹಾಶಯರು ಎನ್ನೋಣ. ಯಾವ ದೇಶದವರಾದರೂ ಆಗಬಹುದು. ಪಟ್ಟಿ ಇರುವುದು ಎಕ್ಸೆಲ್ ಶೀಟಿನಲ್ಲಿ, ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ ನೋಡಿ.

ಅವರು ಇಳಿಯಲು ಹೊರಟ ಪಕುವಾರೆ ನದಿ ಪಾಪ, ಆ ಶೀಟ್ ನೋಡಿಲ್ಲ. ಅದು ತಲಮಾಂಕಾ ಬೆಟ್ಟಗಳಲ್ಲಿ ಹುಟ್ಟಿ, ಕಮರಿಗಳ ನಡುವೆ ನುಗ್ಗಿ, ಸುಮಾರು 108 ಕಿಲೋಮೀಟರ್ ಹರಿದು ಕೆರಿಬಿಯನ್ ಸಮುದ್ರ ಸೇರುತ್ತದೆ. ಜನ ರಾಫ್ಟಿಂಗ್‌ಗೆ, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಸೆಳೆತ ದಾಟುವ ಆಟಕ್ಕೆ, ಇಳಿಯುವ ಭಾಗದಲ್ಲಿ ನೀರಿನ ಸೆಳೆತ ಹೆಚ್ಚಾಗಿ ಮೂರು ಮತ್ತು ನಾಲ್ಕನೇ ದರ್ಜೆಯದು. ಇದು ಅಂತಾರಾಷ್ಟ್ರೀಯ ಲೆಕ್ಕ. ಒಂದನೇ ದರ್ಜೆ ಎಂದರೆ ತೆಪ್ಪಗೆ ಹರಿಯುವ ನೀರು. ಆರನೇ ದರ್ಜೆ ಎಂದರೆ ಉಯಿಲು ಬರೆದಿಟ್ಟು ಇಳಿಯುವ ನೀರು. ಮಹಾಶಯರಿಗೆ ನಾಲ್ಕೇ ಬೇಕು. ಮೂರು ಎಂದರೆ ಫೋಟೊ ನೋಡಿದವರು ನಗುತ್ತಾರೆ, ಐದು ಎಂದರೆ ಇನ್ಶೂರೆನ್ಸ್‌ನವರು ಒಪ್ಪುವುದಿಲ್ಲ.

"ನಾಲ್ಕನೇ ದರ್ಜೆ ಸಿಕ್ಕೇ ಸಿಗುತ್ತೆ ಅಂತ ಬರೆದು ಕೊಡ್ತೀರಾ?" ಎಂದು ಅವರು ಏಜೆಂಟನ್ನು ಕೇಳುತ್ತಾರೆ. ಸೆಳೆತ ಮಳೆ ನೋಡಿಕೊಂಡು ಏರಿಳಿಯುತ್ತದೆ ಎಂದು ಆತ ಹೇಳಿದರೆ ಇವರಿಗೆ ಅದು ಜಾರಿಕೊಳ್ಳುವ ಮಾತಿನಂತೆ ಕೇಳುತ್ತದೆ. ಹಿಂದಿನ ರಾತ್ರಿ ಮೇಲಿನ ಬೆಟ್ಟದಲ್ಲಿ ಜೋರಾಗಿ ಸುರಿದರೆ ಬೆಳಗ್ಗೆ ನೀರಿನ ಬಣ್ಣವೇ ಬೇರೆ. ಮಟ್ಟ ಮೀರಿದರೆ ಗೈಡ್‌ಗಳು ರಾಫ್ಟ್ ಇಳಿಸುವುದೇ ಇಲ್ಲ. ಇಳಿಸದಿದ್ದರೆ ಒಂದು ಸ್ಟಾರ್: "ಹೇಡಿಗಳು." ಇಳಿಸಿದರೆ ಎರಡು ಸ್ಟಾರ್: "ನೀರು ಜಾಸ್ತಿ ಇತ್ತು."

ಮಳೆಯದ್ದೇ ಒಂದು ದೊಡ್ಡ ಕಥೆ. ಪೆಸಿಫಿಕ್ ಕಡೆಯ ಕೋಸ್ಟರಿಕಾದಲ್ಲಿ ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆಗಾಲ. ಪ್ರವಾಸೋದ್ಯಮದವರು ಅದನ್ನು ‘ಹಸಿರು ಋತು’ ಎಂದು ಕರೆದು, ದರ ಒಂದಿಷ್ಟು ಇಳಿಸಿ ಮಾರುತ್ತಾರೆ. ಮಹಾಶಯರು ಅಷ್ಟಕ್ಕೆ ಬೀಳುವವರಲ್ಲ. ರಾತ್ರಿಯೆಲ್ಲ ಹವಾಮಾನದ ಚಾರ್ಟ್ ನೋಡಿ, ಜಾಸ್ತಿ ದುಡ್ಡು ಕೊಟ್ಟು, ಒಣಗಾಲದ ಫೆಬ್ರವರಿಗೆ ಬುಕ್ ಮಾಡುತ್ತಾರೆ. ಚಾರ್ಟ್ ಪೆಸಿಫಿಕ್ ಕಡೆಯದ್ದು. ನದಿ ಕೆರಿಬಿಯನ್ ಕಡೆಯದ್ದು. ಆ ಇಳಿಜಾರಿನಲ್ಲಿ ಒಣಗಾಲ ಎನ್ನುವಂಥ ಒಣಗಾಲವೇ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಮಳೆ ಹೊಡೆಯಬಹುದು. ಅತ್ತ ಪೆಸಿಫಿಕ್ ಕಡೆ ಭಾರೀ ಮಳೆಯಾಗುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಕೆರಿಬಿಯನ್ ಕರಾವಳಿಗೆ ಒಳ್ಳೆಯ ಬಿಸಿಲು. ಆ ತಿಂಗಳುಗಳನ್ನು ಮಹಾಶಯರು ಶೀಟಿನಲ್ಲಿ ಕೆಂಪು ಬಣ್ಣ ಬಳಿದು ಮುಚ್ಚಿಬಿಟ್ಟಿರುತ್ತಾರೆ.

ದಾರಿಗೂ ಇದೇ ಶಾಸ್ತಿ. ರಾಜಧಾನಿ ಸ್ಯಾನ್ ಹೊಸೆಯಿಂದ ಕೆರಿಬಿಯನ್ ಕಡೆಗೆ ಹೋಗುವ 32ನೇ ಹೆದ್ದಾರಿ, ಬ್ರೌಲಿಯೊ ಕರಿಯೊ ರಾಷ್ಟ್ರೀಯ ಉದ್ಯಾನದ ಬೆಟ್ಟ ದಾಟಿಕೊಂಡು ಹೋಗುತ್ತದೆ. ಮಳೆ ಜೋರಾದರೆ ಗುಡ್ಡ ಜರಿಯುತ್ತದೆ, ರಸ್ತೆ ಬಂದ್. ಶೀಟಿನಲ್ಲಿ ತಿಂಡಿಗೆ, ಶೌಚಕ್ಕೆ, ಫೋಟೊಗೆ ನಿಮಿಷ ಲೆಕ್ಕದಲ್ಲಿ ಸಮಯ ಹಾಕಿದೆ. ಗುಡ್ಡಕ್ಕೆ ಮಾತ್ರ ಕಾಲಂ ಇಲ್ಲ.

ಹೇಗೋ ನದಿ ದಂಡೆಗೆ ಬಂದರು ಅನ್ನಿ. ಅಲ್ಲಿ ಒಂದು ಫಾರಂ ಕೊಡುತ್ತಾರೆ. ಈ ಆಟದಲ್ಲಿ ಪೆಟ್ಟಾಗಬಹುದು, ಮುಳುಗಬಹುದು, ಸಾಯಲೂಬಹುದು, ಇದೆಲ್ಲ ಗೊತ್ತಿದ್ದೇ ಬಂದಿದ್ದೇನೆ ಎಂದು ಸಹಿ ಹಾಕಬೇಕು. ಮಹಾಶಯರು ಓದದೆ ಸಹಿ ಗೀಚುತ್ತಾರೆ. ಅದೇ ಪೆನ್ನಿನಿಂದ ಊಟದ ಫಾರಂ ತುಂಬಲು ಮಾತ್ರ ಹದಿನೈದು ನಿಮಿಷ. ಸಾವಿಗೆ ತಕರಾರಿಲ್ಲ, ಸಾಸ್‌ನಲ್ಲಿ ಬೆಳ್ಳುಳ್ಳಿ ಇರಬಾರದು.

ಅಷ್ಟರಲ್ಲಿ ಗೈಡ್ ಪಾಠ ಶುರು ಮಾಡಿರುತ್ತಾನೆ. ನೀರಿಗೆ ಬಿದ್ದರೆ ಬೆನ್ನ ಮೇಲೆ ತೇಲಿ, ಕಾಲು ಹರಿವಿನ ಕಡೆಗಿರಲಿ. ಸೆಳೆತದಲ್ಲಿ ಎದ್ದು ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ನಿಮ್ಮನ್ನು ಅಲ್ಲೇ ಮಗುಚಿ ಹಾಕುತ್ತದೆ. ಇಡೀ ರಜೆಯಲ್ಲಿ ಕಿವಿಗೊಡಲೇಬೇಕಾದ ಮಾತು ಇದ್ದರೆ ಇದೊಂದೇ. ಮಹಾಶಯರು ಆಗ ಹೆಲ್ಮೆಟ್ ತಮ್ಮ ಮುಖಕ್ಕೆ ಒಪ್ಪುತ್ತದೆಯೇ ಎಂದು ಫೋನಿನಲ್ಲಿ ನೋಡಿಕೊಳ್ಳುತ್ತಿರುತ್ತಾರೆ. ಪಾಠ ಮುಗಿದ ಮೇಲೆ ಅವರದು ಒಂದೇ ಪ್ರಶ್ನೆ: "ವಿಡಿಯೊ ಯಾವ ಕಡೆಯಿಂದ ತೆಗೀತಾರೆ?"

ಲಾಡ್ಜ್ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಅದೇ ಈ ಯುಗದ ದೊಡ್ಡ ಪವಾಡ. ಈ ನದಿ ದಂಡೆಯ ಲಾಡ್ಜ್‌ಗಳಲ್ಲಿ ಕೆಲವಕ್ಕೆ ಅತಿಥಿಗಳು ಬಂದು ಸೇರುವುದೇ ರಾಫ್ಟ್‌ನಲ್ಲಿ. ಹಾಸಿಗೆ ಬಟ್ಟೆ, ಅಡುಗೆ ಸಾಮಾನು, ವೈನ್ ಬಾಟಲಿ ಕೂಡ ನೀರಿನ ಮೇಲೆಯೇ ಬರಬೇಕು. ಅಂದರೆ ಮಹಾಶಯರು ‘ಎಲ್ಲ ಬಿಟ್ಟು ಬಂದೆ’ ಎಂದು ನಿಟ್ಟುಸಿರು ಬಿಡುವಾಗ, ಅವರು ಬಿಟ್ಟು ಬಂದ ಎಲ್ಲವೂ ಹಿಂದಿನ ರಾಫ್ಟ್‌ನಲ್ಲಿ ಬರುತ್ತಿರುತ್ತದೆ. ಹುಟ್ಟು ಹಾಕುತ್ತಿರುವವನು ಮಾತ್ರ ಬೇರೆಯವನು.

ರೂಮಿನಲ್ಲಿ ಕರೆಂಟ್ ಇಲ್ಲದಿದ್ದರೆ ಬೆಲೆ ಜಾಸ್ತಿ. ಸ್ವಲ್ಪ ಯೋಚಿಸಿ, ಕರೆಂಟ್ ಕಾಣದ ಮನೆಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದನ್ನು ವಿವರಿಸಲು ಸಾಧ್ಯವಿಲ್ಲ. ಮೇಣದಬತ್ತಿ ಹಚ್ಚಿಟ್ಟರೆ ಐಷಾರಾಮ, ಸೊಳ್ಳೆಪರದೆ ಕಟ್ಟಿದರೆ ರಮ್ಯ, ಗೋಡೆಯೇ ಕಟ್ಟದಿದ್ದರೆ ಅತಿ ದುಬಾರಿ. ಹರಿಯುವ ನದಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಈಜುಕೊಳ ಬೇಕೇ ಬೇಕು. ಇದರ ಮೇಲೆ ಶೇ 13ರಷ್ಟು ತೆರಿಗೆ. ದೇಶದ ನಾಣ್ಯ ಕೊಲೋನ್ ಆದರೂ ಇಂಥ ಕಡೆ ಬಿಲ್ಲು ಡಾಲರ್‌ನಲ್ಲೇ ಮಾತಾಡುತ್ತದೆ.

ಸಂಜೆ ಆರರ ಹೊತ್ತಿಗೆ ಕತ್ತಲು. ಭೂಮಧ್ಯ ರೇಖೆಗೆ ಹತ್ತಿರದ ಜಾಗ, ವರ್ಷವಿಡೀ ಹೀಗೇ. ವೈಫೈ ಇಲ್ಲ. ಫೋನಿನಿಂದ ಬಿಡುಗಡೆ ಬೇಕೆಂದೇ ಬಂದ ಮಹಾಶಯರು ಏಳೂವರೆಗೆ ಮೆಲ್ಲಗೆ ಅಡುಗೆಮನೆ ಕಡೆ ನಡೆದು, ಸಿಬ್ಬಂದಿಯ ಪಾಸ್‌ವರ್ಡ್ ಏನಾದರೂ ಇದೆಯಾ ಎಂದು ವಿಚಾರಿಸುತ್ತಾರೆ. ಉತ್ತರವಾಗಿ ಒಂದು ನಗು, ಜೊತೆಗೆ "ಪುರಾ ವೀದಾ". ಆ ದೇಶದಲ್ಲಿ ನಮಸ್ಕಾರಕ್ಕೂ ಅದೇ, ಧನ್ಯವಾದಕ್ಕೂ ಅದೇ, ಇಂಥ ದೂರಿಗೂ ಅದೇ.

ಪ್ರಾಣಿಗಳೂ ಸಹಕರಿಸುವುದಿಲ್ಲ. ಶೀಟಿನ ಪ್ರಕಾರ ಎರಡನೇ ದಿನ ಬೆಳಗ್ಗೆ 9.30ಕ್ಕೆ ಸ್ಲಾತ್, ಅಂದರೆ ಮರಕ್ಕೆ ಜೋತುಬಿದ್ದು ಬದುಕುವ ಆ ಮಹಾ ನಿಧಾನದ ಪ್ರಾಣಿ. ಮೂರು ಬೆರಳಿನ ಸ್ಲಾತ್ ಮರದಿಂದ ನೆಲಕ್ಕಿಳಿಯುವುದೇ ಸುಮಾರು ವಾರಕ್ಕೊಮ್ಮೆ, ಅದೂ ಮಲವಿಸರ್ಜನೆಗೆ. ಆ ಖಾಸಗಿ ಗಳಿಗೆಗೆ ಅಪಾಯಿಂಟ್‌ಮೆಂಟ್ ಕೊಡಿಸಿ ಎಂದು ಕೇಳುವುದು ಹೇಗೆ? ಕೆಂಪು ಕಣ್ಣಿನ ಮರಗಪ್ಪೆ ಹಗಲೆಲ್ಲ ಕಣ್ಣು ಮುಚ್ಚಿ ಎಲೆಗೆ ಅಂಟಿಕೊಂಡು ಮಲಗಿರುತ್ತದೆ. ಬ್ರೋಷರ್‌ನಲ್ಲಿ ಹಾಗಿರಲಿಲ್ಲ ಎಂಬುದು ಮಹಾಶಯರ ದೂರು. ಕಾಡುಪ್ರಾಣಿಯನ್ನು ಎತ್ತಿಕೊಂಡು ಸೆಲ್ಫಿ ತೆಗೆಯಬೇಡಿ ಎಂದು ಕೋಸ್ಟರಿಕಾ ಸರ್ಕಾರ 2019ರಲ್ಲಿ ಅಭಿಯಾನವನ್ನೇ ಮಾಡಬೇಕಾಯಿತು. ಪ್ರಾಣಿಗಳಿಗೆ ಹೇಳಿದ್ದರೆ ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು.

ಇನ್ನು ಪರಿಸರ ಕಾಳಜಿ. ಬಿದಿರಿನ ಸ್ಟ್ರಾ ಹಿಡಿದು ಜ್ಯೂಸ್ ಕುಡಿಯುವಾಗ ಮಹಾಶಯರ ಎದೆ ಉಬ್ಬುತ್ತದೆ. ಈ ದೇಶದ ವಿದ್ಯುತ್ ಬಹುಪಾಲು ನೀರಿನಿಂದಲೇ ಬರುತ್ತದೆ, ಎಷ್ಟು ಶುದ್ಧ ಅಲ್ವಾ ಎನ್ನುತ್ತಾರೆ. ನಿಜವೇ. ಪಕ್ಕದ ಕಣಿವೆಯಲ್ಲಿ ರೆವೆಂತಾಸೋನ್ ಎಂಬ ನದಿ ಇದೆ. ಅದೂ ರಾಫ್ಟಿಂಗ್‌ಗೆ ಹೆಸರಾದದ್ದೇ. ಅದರ ಮೇಲೆ 2000ದಲ್ಲಿ ಅಂಗೋಸ್ತುರಾ ಜಲವಿದ್ಯುತ್ ಸ್ಥಾವರ ಬಂತು. 2016ರಲ್ಲಿ ಸುಮಾರು 305 ಮೆಗಾವಾಟ್‌ನ ಇನ್ನೊಂದು ಸ್ಥಾವರ ಬಂತು. ರಾಫ್ಟ್ ಹಾರಿಸುತ್ತಿದ್ದ ಕೆಲವು ಭಾಗಗಳು ಹಿನ್ನೀರಿನಡಿ ಹೋದವು. ಹಿಂದಿನ ರಾತ್ರಿ ಸ್ಯಾನ್ ಹೊಸೆಯ ಹೋಟೆಲಿನಲ್ಲಿ ಮಹಾಶಯರು ಮೂರು ಪವರ್ ಬ್ಯಾಂಕ್, ಎರಡು ಕ್ಯಾಮೆರಾ, ಒಂದು ಡ್ರೋನ್ ಚಾರ್ಜ್ ಮಾಡಿಕೊಂಡು ಬಂದದ್ದು ಅಂಥ ನೀರಿನ ಪುಣ್ಯದಿಂದ.

ಪಕುವಾರೆಗೂ ಅಣೆಕಟ್ಟಿನ ಯೋಜನೆ ಸಿದ್ಧವಿತ್ತು. 2005ರಲ್ಲಿ ಆ ಭಾಗದ ತುರಿಯಾಲ್ಬಾದಲ್ಲಿ ಜನಮತ ನಡೆದು, ಮತ ಹಾಕಿದವರಲ್ಲಿ ಬಹುತೇಕ ಎಲ್ಲರೂ ಬೇಡ ಎಂದರು. 2015ರಲ್ಲಿ ಅಧ್ಯಕ್ಷ ಲೂಯಿಸ್ ಗಿಯೆರ್ಮೊ ಸೊಲಿಸ್ ಆದೇಶಕ್ಕೆ ಸಹಿ ಹಾಕಿದರು: ಪಕುವಾರೆ ಮತ್ತು ಸವೆಗ್ರೆ ನದಿಗಳಲ್ಲಿ 25 ವರ್ಷ ಜಲವಿದ್ಯುತ್ ಯೋಜನೆ ಇಲ್ಲ. ಮಾತ್ರೆ ಸ್ಟ್ರಿಪ್ಪಿನ ಮೇಲಿರುವಂತೆ ನದಿಗೂ ಒಂದು ಎಕ್ಸ್‌ಪೈರಿ ಡೇಟ್: 2040.

ಇದನ್ನು ಗೈಡ್ ವಿವರಿಸಿದಾಗ ಮಹಾಶಯರು ಮೊದಲ ಬಾರಿಗೆ ಗಮನ ಕೊಟ್ಟು ಕೇಳಿದರಂತೆ. ಅಣೆಕಟ್ಟು ಬಂದರೆ ಅಲೆ ಇರಲ್ಲ ಅಲ್ವಾ? ಇರಲ್ಲ. ರಾಫ್ಟ್ ಮಗುಚಲ್ಲ? ಮಗುಚಲ್ಲ. ಕನ್ನಡಕ? ಒಣಗಿಯೇ ಇರುತ್ತದೆ.

ಶೀಟಿನಲ್ಲಿ ಹೊಸ ಸಾಲು ಬಿದ್ದಿದೆ: 2041, ಫೆಬ್ರವರಿ, ಹಿನ್ನೀರು ಕಾಣುವ ರೂಮು, ಮುಂಗಡ ಬುಕಿಂಗ್‌ಗೆ ರಿಯಾಯಿತಿ ಕೇಳುವುದು.