ಪುಕ್ಕಲನ ಸೈಕಲ್ಲು

ಇನ್ಮೇಲೆ ಸೈಕಲ್ಲಿನಲ್ಲೇ ಆಫೀಸಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿದ ದಿನ ಯಾರೂ ನಗಲಿಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿಂದ. ಹೆಂಡತಿ ಸುಮ್ನೆ ಒಂದು ಪ್ರಶ್ನೆ ಕೇಳಿದಳು: "ಇನ್ಶೂರೆನ್ಸ್ ಕಾಗದ ಎಲ್ಲಿಟ್ಟಿದ್ದೀರಿ?"

ನಾನು ಧೈರ್ಯವಂತನಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಸ್ಕಲೇಟರ್ ಹತ್ತುವಾಗಲೂ ಒಂದು ಮೆಟ್ಟಿಲು ಬಿಟ್ಟುಕೊಟ್ಟು ಆಮೇಲೆ ಕಾಲಿಡುವ ಜಾತಿ. ಆದರೆ ಆರು ಕಿಲೋಮೀಟರ್ ದಾರಿಗೆ ದಿನಾ ಮುಕ್ಕಾಲು ಗಂಟೆ ಕಾರಿನಲ್ಲಿ ಕೂತು, ಪಕ್ಕದಲ್ಲಿ ನಡೆದು ಹೋಗುವವರ ಬೆನ್ನು ನೋಡಿ ನೋಡಿ ಸಾಕಾಗಿತ್ತು. ಅದರಲ್ಲೂ ಒಬ್ಬರು ಅಜ್ಜಿ ದಿನಾ ನನ್ನನ್ನು ಹಿಂದೆ ಹಾಕುತ್ತಿದ್ದರು.

ಮೊದಲ ದಿನವೇ ಪ್ಯಾಂಟಿನ ಬಲಗಾಲು ಚೈನಿಗೆ ಸಿಕ್ಕಿತು. ಎಲ್ಲೋ ಸಂದಿಯಲ್ಲಿ ಆಗಿದ್ದರೆ ಪರವಾಗಿಲ್ಲ. ಆದದ್ದು ಸಿಗ್ನಲ್ಲಿನಲ್ಲಿ, ಸಾಲಿನ ಎದುರಿಗೇ. ಕೆಂಪು ದೀಪ ಕಂಡು ನಿಲ್ಲಿಸಿದೆ. ಕಾಲು ಊರೋಣ ಅಂದರೆ ಕಾಲು ನನ್ನ ಕೈಯಲ್ಲಿಲ್ಲ, ಚೈನಿನ ಬಾಯಲ್ಲಿದೆ. ಬುಡ ಕಡಿದ ಬಾಳೆಗಿಡದ ಹಾಗೆ ನಿಧಾನವಾಗಿ ಬಲಕ್ಕೆ ಬಾಗಿದೆ. ಬೀಳುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡೆ ಅಂದರೆ, ಪಕ್ಕದ ಬೈಕಿನವನು "ಸಾರ್, ಬೀಳ್ತಿದ್ದೀರಾ" ಅಂತ ತಿಳಿಸುವಷ್ಟು ಸಮಯ ಇತ್ತು.

ಮಾರನೇ ದಿನ ಪ್ಯಾಂಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋದೆ. ತೆಗೆಯೋದು ಮರೆತೆ. ಒಂದು ಗಂಟೆಯ ಮೀಟಿಂಗಿನಲ್ಲಿ ನಾನು ಹೇಳಿದ್ದನ್ನು ಎಲ್ಲರೂ ತಲೆ ಬಗ್ಗಿಸಿ ಕೇಳಿದರು. ಎಷ್ಟು ಗೌರವ ಅಂದುಕೊಂಡೆ. ಅವರು ನೋಡುತ್ತಿದ್ದದ್ದು ನನ್ನ ಮೊಣಕಾಲಿನ ಕೆಳಗಿನ ಗಂಟನ್ನು.

ಆಫೀಸಿನಲ್ಲಿ ನಿಜವಾದ ಸಮಸ್ಯೆ ಶುರುವಾದದ್ದು ಗೇಟಿನಲ್ಲಿ. ಸೆಕ್ಯುರಿಟಿಯವರು ರಿಜಿಸ್ಟರ್ ತೆರೆದು "ಗಾಡಿ ನಂಬರ್ ಹೇಳಿ ಸಾರ್" ಅಂದರು. ಸೈಕಲ್ಲಿಗೆ ನಂಬರ್ ಇರಲ್ಲಪ್ಪಾ ಅಂದೆ. "ನಂಬರ್ ಇಲ್ಲದ ಗಾಡಿ ಒಳಗೆ ಬಿಡೋ ಹಾಗಿಲ್ಲ ಸಾರ್." ಹಾಗಾದರೆ ಇದು ಗಾಡಿಯೇ ಅಲ್ಲ ಅಂದುಕೊಳ್ಳಿ ಅಂದೆ. ಅವರು ಸ್ವಲ್ಪ ಯೋಚಿಸಿ, ಪಾರ್ಸೆಲ್ ಬರೆಯುವ ಪುಟ ತೆರೆದು "ಸೈಕಲ್, ಒಂದು" ಅಂತ ಬರೆದುಕೊಂಡರು. ಇವತ್ತಿಗೂ ದಿನಾ ಬೆಳಿಗ್ಗೆ ನಾನೊಂದು ಪಾರ್ಸೆಲ್ ತಂದುಕೊಟ್ಟು ಸಂಜೆ ವಾಪಸ್ ಒಯ್ಯುತ್ತೇನೆ.

ನಿಲ್ಲಿಸಲು ಜಾಗ? ನೆಲಮಾಳಿಗೆಯಲ್ಲಿ ಕಾರುಗಳಿಗೆ ಹಳದಿ ಗೆರೆ ಎಳೆದು ಮಂಚದ ಹಾಗೆ ಜಾಗ ಬಿಟ್ಟಿದ್ದಾರೆ. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ ಹಿಡಿಸುತ್ತದೆ. ಈ ಲೆಕ್ಕವನ್ನು ಅಲ್ಲಿನ ಮೇಲ್ವಿಚಾರಕರಿಗೆ ವಿವರಿಸಿದೆ. "ಇನ್ನು ಒಂಬತ್ತು ಸೈಕಲ್ ಕರ್ಕೊಂಡು ಬನ್ನಿ ಸಾರ್, ಆಮೇಲೆ ನೋಡೋಣ" ಅಂದರು. ಅಲ್ಲಿಯವರೆಗೆ ನನ್ನ ಸೈಕಲ್ ನೆಲ ಒರೆಸುವ ಕೋಲು, ಬಕೆಟ್‌ಗಳ ಕೋಣೆಯಲ್ಲಿ. ನೆದರ್ಲೆಂಡ್ಸಿನ ಉಟ್ರೆಖ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಕಟ್ಟಡ ಇದೆ, ಒಳಗೆ ತುಳಿದುಕೊಂಡೇ ಹೋಗಬಹುದು ಅಂತ ಅವತ್ತು ರಾತ್ರಿ ಓದಿದೆ. ನಿದ್ದೆ ಬರಲಿಲ್ಲ. ನನ್ನ ಸೀಟಿನಿಂದ ಇನ್ನೂ ಫಿನೈಲ್ ವಾಸನೆ ಬರುತ್ತಿತ್ತು.

ಸಹೋದ್ಯೋಗಿಗಳದ್ದು ಒಂದೇ ಮಾತು. "ಈ ಟ್ರಾಫಿಕ್ಕಲ್ಲಿ ಸೈಕಲ್ ಹೊಡೆಯೋಕೆ ಗುಂಡಿಗೆ ಬೇಕು ಕಣ್ರೀ." ಗುಂಡಿಗೇನು ಬರ, ರಸ್ತೆ ತುಂಬ ಇವೆಯಲ್ಲ ಅಂತ ನಕ್ಕೆ. ಆದರೆ ಒಳಗೆ ಚುಚ್ಚಿತು. ಬಸ್ಸು ಹತ್ತುವವರಿಗೆ ಗುಂಡಿಗೆ ಬೇಕು ಅಂತ ಯಾರೂ ಹೇಳಲ್ಲ. ಸೈಕಲ್ಲಿಗೆ ಮಾತ್ರ ಯಾಕೆ ಶೌರ್ಯದ ಸರ್ಟಿಫಿಕೇಟು?

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸೈಕಲ್ ಯೋಜನೆ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ ಅನ್ನುವವರು ತಮ್ಮ ಊರಿನವರನ್ನು 4 ಗುಂಪು ಮಾಡಿದ್ದರು. ಎಂಥ ರಸ್ತೆಗಾದರೂ ನುಗ್ಗುವವರು ನೂರರಲ್ಲಿ ಒಬ್ಬರೂ ಇಲ್ಲ. ಒಂದಿಷ್ಟು ದಾರಿ ಬಿಟ್ಟುಕೊಟ್ಟರೆ ಸಾಕು ಅನ್ನುವವರು 7. ಏನೇ ಆದರೂ ಸೈಕಲ್ ಮುಟ್ಟೆ ಅನ್ನುವವರು 33. ಉಳಿದ 60 ಮಂದಿಗೆ ಆಸೆಯೂ ಇದೆ, ಭಯವೂ ಇದೆ. ಅವರದ್ದು ಅಂದಾಜಿನ ಲೆಕ್ಕವೇ. ಆದರೂ ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪುಕ್ಕಲರದ್ದೇ ಬಹುಮತ! ರಸ್ತೆ ಮಾಡುವವರು ಮಾತ್ರ ಆ ಒಬ್ಬ ಗಂಡೆದೆಯವನನ್ನು ಮನಸ್ಸಿನಲ್ಲಿಟ್ಟುಕೊಂಡು ಗೆರೆ ಎಳೆಯುತ್ತಾರೆ. ಅವನಿಗೋ ಗೆರೆ ಬೇಕಾಗೇ ಇಲ್ಲ.

ಗೆರೆ ಅಂದೆನಲ್ಲ, ನಮ್ಮ ದಾರಿಯಲ್ಲಿ ನಿಜಕ್ಕೂ ಒಂದು ಸೈಕಲ್ ಪಥ ಇದೆ. ಹಸಿರು ಬಣ್ಣ, ನಡುವೆ ಬಿಳಿ ಸೈಕಲ್ಲಿನ ಚಿತ್ರ. ಚಿತ್ರದಲ್ಲಿರುವ ಸೈಕಲ್ಲಿಗೆ ಸವಾರನಿಲ್ಲ, ಏನಾದನೋ ಗೊತ್ತಿಲ್ಲ. ಬೆಳಿಗ್ಗೆ ಏಳಕ್ಕೆ ಹೋದರೆ ಪಥ ಕಾಣುತ್ತದೆ. ಎಂಟರ ಹೊತ್ತಿಗೆ ಅದರ ಮೇಲೆ ಕಾರುಗಳು ಸಾಲಾಗಿ ನಿಂತಿರುತ್ತವೆ. ಹಾಗೂ ಹೀಗೂ ನುಸುಳಿ ಮುಂದೆ ಹೋದರೆ, ಪಥದ ನಟ್ಟನಡುವೆ ಒಂದು ಕಂಬ. ಪಕ್ಕದಲ್ಲಲ್ಲ, ನಡುವೆ. ಕಂಬದ ಆ ಕಡೆ ಹತ್ತು ಮೀಟರ್ ಹಸಿರು ಬಣ್ಣ. ಆಮೇಲೆ ಪಥ ಮುಗಿಯುತ್ತದೆ, ಬಸ್ಸುಗಳು ತಿರುವು ತೆಗೆದುಕೊಳ್ಳುವ ಜಾಗದಲ್ಲಿ. ಈಜು ಕಲಿಸುತ್ತೇನೆ ಅಂತ ಕೈಹಿಡಿದು ಕರೆದುಕೊಂಡು ಹೋಗಿ ಮಡುವಿನಲ್ಲಿ ಕೈಬಿಟ್ಟ ಹಾಗೆ.

ಬಾಗಿಲು ತೆರೆದುಕೊಂಡದ್ದೂ ಇಲ್ಲೇ. ನಿಂತ ಕಾರಿನ ಬಾಗಿಲು ಪಟ್ಟನೆ ನನ್ನ ಮುಂದೆ ಅರಳಿತು. ನಾನು ಬ್ರೇಕ್ ಹಿಡಿದೆ, ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಹೋಗಿ ಬಾಗಿಲನ್ನು ತಬ್ಬಿಕೊಂಡೆ. ಒಳಗಿದ್ದವರು ಗಾಬರಿಯಿಂದ ಇಳಿದು, ಬಾಗಿಲನ್ನು ಸವರಿ ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ಬೆಲ್ ಹೊಡೆಯಬಾರದಾ?" ಅಂದರು. ನಿಂತಿರುವ ಕಾರುಗಳಿಗೆಲ್ಲ ಬೆಲ್ ಹೊಡೆಯುತ್ತಾ ಹೋದರೆ ನನ್ನನ್ನು ಯಾವ ಆಸ್ಪತ್ರೆಗೆ ಸೇರಿಸುತ್ತಾರೋ. ಇದಕ್ಕೆ ಡಚ್ಚರ, ಅಂದರೆ ನೆದರ್ಲೆಂಡ್ಸಿನವರ, ಹೆಸರಿನಲ್ಲೇ ಡಚ್ ರೀಚ್ ಅನ್ನುವ ಸುಲಭದ ಉಪಾಯ ಇದೆ: ಬಾಗಿಲಿನ ಪಕ್ಕದ ಕೈ ಬಿಟ್ಟು ಆಚೆ ಕೈಯಿಂದ ತೆರೆಯಬೇಕು. ಆಗ ಮೈ ತಾನಾಗೇ ತಿರುಗುತ್ತದೆ, ಹಿಂದೆ ಬರುವವರು ಕಾಣುತ್ತಾರೆ. ಮೊಣಕೈ ಉಜ್ಜಿಕೊಳ್ಳುತ್ತಾ ಅವರಿಗೆ ಮಾಡಿ ತೋರಿಸಿದೆ. ಯೋಗ ಮೇಷ್ಟ್ರಾ ನೀವು ಅಂತ ಕೇಳಿದರು.

ಆ ಡಚ್ಚರು ಹುಟ್ಟಿನಿಂದಲೇ ಹಾಗೆ, ನಮಗೆಲ್ಲಿ ಆಗುತ್ತೆ ಅನ್ನುತ್ತಾರೆ ಎಲ್ಲರೂ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಲ್ಲೂ ಕಾರುಗಳು ಊರು ನುಂಗಿದ ಕಾಲ ಇತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಬೀದಿಗಿಳಿದರು. 1973ರಲ್ಲಿ ತೈಲದ ಬಿಕ್ಕಟ್ಟು ಬಂತು, ಭಾನುವಾರ ಕಾರು ತೆಗೆಯುವಂತಿಲ್ಲ ಅಂತಾಯಿತು. ಆಮೇಲೆ ರಸ್ತೆಗಳು ಬದಲಾದವು. ಸ್ಪೇನಿನ ಸೆವಿಲ್ಲೆಯಲ್ಲಂತೂ ಮೊದಲು ಸೈಕಲ್ ತುಳಿಯುವವರೇ ಅಪರೂಪವಾಗಿದ್ದರು. 2006ರಿಂದ ಕೆಲವೇ ವರ್ಷಗಳಲ್ಲಿ 100 ಕಿಲೋಮೀಟರಿಗೂ ಹೆಚ್ಚು ದಾರಿ ಮಾಡಿದರು. ತುಂಡು ತುಂಡಾಗಿ ಅಲ್ಲ, ಒಂದಕ್ಕೊಂದು ಸೇರುವಂತೆ, ಕಾರಿನಿಂದ ಬೇರೆಯಾಗಿ. ಜನ ತಾವಾಗೇ ಬಂದರು. ಯಾರ ಗುಂಡಿಗೆಯೂ ದೊಡ್ಡದಾಗಿರಲಿಲ್ಲ.

ಇನ್ನು ಕೋಪನ್‌ಹೇಗನ್ನಿನ ವಿಷಯ ಹೇಳಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಕೆಲವು ರಸ್ತೆಗಳಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತುಳಿದರೆ ಸಿಗ್ನಲ್ಲುಗಳು ಒಂದರ ಹಿಂದೊಂದು ಹಸಿರಾಗುತ್ತಾ ಹೋಗುತ್ತವೆ. ನನ್ನ ದಾರಿಯಲ್ಲಿ ಏಳು ಸಿಗ್ನಲ್, ಏಳೂ ನನ್ನ ಮುಖ ಕಂಡರೆ ಕೆಂಪಾಗುತ್ತವೆ. ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ಇಳಿಜಾರಿನ ರಸ್ತೆಗೆ ಸೈಕಲ್ ಲಿಫ್ಟೇ ಇದೆ. ಬಲಗಾಲು ಒಂದು ಹಲಗೆ ಮೇಲಿಟ್ಟರೆ ಅದು ಮೇಲಕ್ಕೆ ತಳ್ಳುತ್ತದೆ. ನಮ್ಮ ಮೇಲ್ಸೇತುವೆಯ ಏರಿನಲ್ಲಿ ನನ್ನನ್ನು ತಳ್ಳುವುದು ಹಿಂದಿನ ಲಾರಿಯ ಹಾರ್ನ್ ಒಂದೇ. ಸುಳ್ಳು ಹೇಳಬಾರದು, ಅದೂ ಚೆನ್ನಾಗಿಯೇ ತಳ್ಳುತ್ತದೆ.

ಕಂಬದ ವಿಷಯಕ್ಕೆ ಬರುತ್ತೇನೆ. ಸಂಬಂಧಪಟ್ಟ ಕಚೇರಿಗೆ ದೂರು ಬರೆದೆ. ಫೋಟೋ ಇಟ್ಟೆ. ಕಂಬದ ಪಕ್ಕದಲ್ಲಿ ನಾನೇ ನಿಂತು ತೆಗೆಸಿದ ಫೋಟೋ, ಅಳತೆ ಗೊತ್ತಾಗಲಿ ಅಂತ. ನಾಲ್ಕು ತಿಂಗಳಾದ ಮೇಲೆ ಉತ್ತರ ಬಂತು: "ತಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಿ ಕ್ರಮ ಕೈಗೊಳ್ಳಲಾಗಿದೆ." ನಾನು ಖುಷಿಯಲ್ಲಿ ಅವತ್ತು ಅರ್ಧ ಗಂಟೆ ಮೊದಲೇ ಹೊರಟೆ.

ಕಂಬ ಅಲ್ಲೇ ಇತ್ತು. ಹಳದಿ, ಕಪ್ಪು ಪಟ್ಟೆ ಬಳಿದಿದ್ದರು. ಮೇಲೊಂದು ಫಲಕ: 'ಸೈಕಲ್ ಸವಾರರೇ, ಎಚ್ಚರ! ಮುಂದೆ ಕಂಬವಿದೆ.' ಆ ಫಲಕ ನಿಲ್ಲಿಸಲು ಪಥದೊಳಗೆ ಇನ್ನೊಂದು ಕಂಬ ನೆಟ್ಟಿದ್ದರು.

ಈಗ ಎರಡಕ್ಕೂ ಬೆಲ್ ಹೊಡೆದುಕೊಂಡೇ ಹೋಗುತ್ತೇನೆ. ಮೊನ್ನೆ ಹಿಂದಿನಿಂದ ಇನ್ನೊಂದು ಬೆಲ್ ಕೇಳಿಸಿತು. ತಿರುಗಿ ನೋಡಿದರೆ, ಕಾರಿನ ಬಾಗಿಲಿನವರು. ಹೊಸ ಸೈಕಲ್ಲು, ಹೆಲ್ಮೆಟ್ಟು, ಬಲಗಾಲಿನ ಪ್ಯಾಂಟು ಚೈನಿನಲ್ಲಿ.

"ಸಾರ್," ಅಂದೆ, "ಬೀಳ್ತಿದ್ದೀರಾ."